ಈ ತಿಂಗಳು ಇಥಿಯೋಪಿಯಾ: ಮನೆಮಂದಿಯೆಲ್ಲ ಸೇರಿ ಕೂತಲ್ಲೇ ಒಂದು ದೇಶ ನೋಡುವ ಬಗೆ

ಮನೆಯಲ್ಲೇ ಕೂತು ಪ್ರಪಂಚ ಸುತ್ತೋಣ ಅಂತ ಹೊರಟ ಮನೆಗಳಲ್ಲಿ ಸಾಮಾನ್ಯವಾಗಿ ಆಗುವುದು ಇಷ್ಟೇ. ಭಾನುವಾರ ಊಟ ಮುಗಿಸಿ ಟಿವಿಗೆ ಯೂಟ್ಯೂಬ್ ಹಾಕುತ್ತಾರೆ. ಪ್ಯಾರಿಸ್ ಅರ್ಧ ಗಂಟೆ, ಜಪಾನ್ ಹತ್ತು ನಿಮಿಷ, ಸ್ವಿಟ್ಜರ್ಲೆಂಡ್ ಬರುವಷ್ಟರಲ್ಲಿ ಅಪ್ಪನಿಗೆ ನಿದ್ದೆ, ಮಕ್ಕಳ ಕೈಯಲ್ಲಿ ಮೊಬೈಲು. ಮುಂದಿನ ವಾರ ಯಾರಿಗೂ ಅದರ ನೆನಪಿಲ್ಲ.

ಇದು ಹವ್ಯಾಸವಾಗಿ ನಿಲ್ಲಬೇಕಾದರೆ ಎರಡು ಕಟ್ಟುಪಾಡು ಸಾಕು ಅಂತ ನನ್ನ ಅಭಿಪ್ರಾಯ. ಒಂದು ತಿಂಗಳಿಗೆ ಒಂದೇ ದೇಶ. ಮತ್ತೆ, ನೋಡುವುದಕ್ಕಿಂತ ಮಾಡುವುದು ಹೆಚ್ಚಿರಬೇಕು: ಅರ್ಧ ಗಂಟೆ ಪರದೆ ನೋಡಿದರೆ ಒಂದು ಗಂಟೆ ಕೈಯಲ್ಲಿ ಏನಾದರೂ ಹಿಡಿದು ಕೂರಬೇಕು. ಹಿಟ್ಟಾಗಲಿ, ಪೆನ್ಸಿಲ್ಲಾಗಲಿ, ಸೋಪಿನ ತುಂಡಾಗಲಿ. ಬರೀ ಮಾತಿನಲ್ಲಿ ಇದು ಹಿಡಿಸುವುದಿಲ್ಲ, ಹಾಗಾಗಿ ಇಥಿಯೋಪಿಯಾವನ್ನೇ ಇಟ್ಟುಕೊಂಡು ಪೂರ್ತಿ ಒಂದು ತಿಂಗಳ ದಾರಿ ಹೇಳುತ್ತೇನೆ. ಬೇರೆ ದೇಶ ಹಿಡಿದರೂ ಹೆಚ್ಚುಕಮ್ಮಿ ಇದೇ ದಾರಿಯಲ್ಲಿ ಹೋಗಬಹುದು.

ದೇಶ ಆರಿಸುವುದು ಅಡುಗೆಮನೆಯಿಂದ

ಮಕ್ಕಳನ್ನು ಕೇಳಿದರೆ ಅಮೆರಿಕ ಅಂತಾರೆ, ಇಲ್ಲವೇ ಕೊರಿಯಾ. ಅವರನ್ನು ಅಡುಗೆಮನೆಗೆ ಕರೆದು ಡಬ್ಬಿಗಳನ್ನು ತೆಗೆಸಿ. ಮೆಣಸಿನಕಾಯಿ, ಆಲೂಗಡ್ಡೆ, ಕಡಲೆಕಾಯಿ ದಕ್ಷಿಣ ಅಮೆರಿಕ, ಮೆಕ್ಸಿಕೋ ಕಡೆಯಿಂದ ಬಂದವು. ಚಹಾ ಚೀನಾದ್ದು. ರಾಗಿ ಡಬ್ಬಿ ತೆರೆದಾಗ ಮಜಾ ಶುರುವಾಗುತ್ತದೆ. ರಾಗಿ ಮೊದಲು ಬೆಳೆಗೆ ಬಂದದ್ದು ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ. ಇಥಿಯೋಪಿಯಾದಲ್ಲಿ ಇವತ್ತಿಗೂ ಅದನ್ನು ದಾಗುಸ ಅಂತ ಕರೆದು ಬೆಳೆಯುತ್ತಾರೆ. ಪಕ್ಕದಲ್ಲಿರುವ ಕಾಫಿಪುಡಿ ಡಬ್ಬಿಯ ಮೂಲವೂ ಅಲ್ಲೇ. ಅರೇಬಿಕಾ ಗಿಡ ತಾನಾಗಿ ಬೆಳೆಯುವುದು ಇಥಿಯೋಪಿಯಾದ ನೈಋತ್ಯ ಕಾಡುಗಳಲ್ಲಿ. ಅಲ್ಲಿಂದ ಕೆಂಪು ಸಮುದ್ರ ದಾಟಿ ಯೆಮನ್‌ಗೆ ಹೋಯಿತು. ಯೆಮನ್‌ನ ಮೋಕಾ ಬಂದರಿನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟ ಬಾಬಾ ಬುಡನ್ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ?

ಮುದ್ದೆ ಮತ್ತು ಕಾಫಿ ಎರಡಕ್ಕೂ ಬೇರು ಕೊಟ್ಟ ದೇಶದ ಬಗ್ಗೆ ನಮ್ಮ ಮನೆಗಳಲ್ಲಿ ಬರಗಾಲದ ಮಾತು ಬಿಟ್ಟರೆ ಬೇರೇನೂ ಗೊತ್ತಿಲ್ಲ ಅನ್ನುವುದೇ ಇದನ್ನು ಆರಿಸಲು ಸಾಕಾದ ಕಾರಣ.

ತಿಂಗಳು ಯಾವುದಾದರೂ ಆಗುತ್ತದೆ. ಆದರೆ ಆ ದೇಶದ ಹಬ್ಬವಿರುವ ತಿಂಗಳಾದರೆ ಹೊಸ ವಿಡಿಯೊಗಳು, ನೇರ ಪ್ರಸಾರಗಳು ಸಿಗುತ್ತವೆ. ಇಥಿಯೋಪಿಯಾಕ್ಕೆ ಸೆಪ್ಟೆಂಬರ್ ಹೇಳಿ ಮಾಡಿಸಿದ್ದು. 11ಕ್ಕೆ ಅವರ ಹೊಸ ವರ್ಷ, 27ಕ್ಕೆ ಮೆಸ್ಕೆಲ್ ಹಬ್ಬ, ಅದರ ಹಿಂದಿನ ಸಂಜೆ ದೊಡ್ಡ ಬೆಂಕಿ. ಸೆಪ್ಟೆಂಬರ್ ತಪ್ಪಿದರೆ ಜನವರಿ ಹಿಡಿಯಿರಿ: 7ಕ್ಕೆ ಅವರ ಕ್ರಿಸ್‌ಮಸ್, 19ರ ಸುಮಾರಿಗೆ ಯೇಸುವಿನ ದೀಕ್ಷಾಸ್ನಾನದ ಹಬ್ಬ ತಿಮ್ಕತ್.

ಮೊದಲ ಭಾನುವಾರ: ನಕ್ಷೆ ಮತ್ತು ಗಡಿಯಾರ

ಒಂದು ಇನ್ನೂರು ಪುಟದ ನೋಟ್‌ಬುಕ್ ಬೇಕು, ಮನೆಗೆಲ್ಲ ಸೇರಿ ಒಂದೇ. ಮೊದಲ ಪುಟದಲ್ಲಿ ನಕ್ಷೆಯನ್ನು ಕೈಯಲ್ಲೇ ಬರೆಯಬೇಕು. ಪ್ರಿಂಟ್ ತೆಗೆದು ಅಂಟಿಸಿದರೆ ಗಡಿ ಎಲ್ಲಿದೆ ಅನ್ನುವುದು ತಲೆಗೆ ಹೋಗುವುದೇ ಇಲ್ಲ. ಬರೆಯುವಾಗ ಮಕ್ಕಳು ತಾವೇ ಕೇಳುತ್ತಾರೆ: ಸಮುದ್ರ ಎಲ್ಲಿ? ಇಲ್ಲ. 1993ರಲ್ಲಿ ಎರಿಟ್ರಿಯಾ ಬೇರೆ ದೇಶವಾದ ಮೇಲೆ ಇಥಿಯೋಪಿಯಾಕ್ಕೆ ಕರಾವಳಿಯೇ ಉಳಿಯಲಿಲ್ಲ. ಹಾಗಾದರೆ ಹಡಗಿನ ಸಾಮಾನು ಎಲ್ಲಿಂದ ಬರುತ್ತದೆ? ಪಕ್ಕದ ಜಿಬೂತಿಯನ್ನು ಅವರೇ ಹುಡುಕಲಿ.

ಗಾತ್ರ ತಿಳಿಯಲು ‘ದಿ ಟ್ರೂ ಸೈಜ್’ ಅನ್ನುವ ಜಾಲತಾಣ ತೆರೆಯಿರಿ. ಅಲ್ಲಿ ಒಂದು ದೇಶವನ್ನು ಬೆರಳಿನಿಂದ ಎಳೆದು ಇನ್ನೊಂದರ ಮೇಲೆ ಕೂರಿಸಬಹುದು. ಇಥಿಯೋಪಿಯಾ ಸುಮಾರು 11 ಲಕ್ಷ ಚದರ ಕಿಲೋಮೀಟರ್. ನಮ್ಮ ಕರ್ನಾಟಕ 1.92 ಲಕ್ಷ. ಅಂದರೆ ಆರು ಕರ್ನಾಟಕಕ್ಕೆ ಸ್ವಲ್ಪ ಕಡಿಮೆ. ಎತ್ತರವನ್ನೂ ಹೀಗೇ ನಮ್ಮ ಅಳತೆಯಲ್ಲಿ ಬರೆಸಿ. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,900 ಮೀಟರ್ ಚಿಲ್ಲರೆ. ರಾಜಧಾನಿ ಅಡಿಸ್ ಅಬಾಬ ಇರುವುದು 2,300 ಮೀಟರ್ ಮೇಲೆ. ನಾವು ಜಾಕೆಟ್ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುವ ತುದಿಗಿಂತ ಮೇಲೆ ಒಂದು ಮಹಾನಗರವೇ ಬೆಳಿಗ್ಗೆ ಎದ್ದು ಬಸ್ಸು ಹಿಡಿಯುತ್ತದೆ. ‘ಆಫ್ರಿಕಾ ಅಂದರೆ ಬಿಸಿಲು’ ಅನ್ನುವ ನಂಬಿಕೆ ಇಲ್ಲೇ ಕಳಚಿ ಬೀಳುತ್ತದೆ.

ಇನ್ನು ಗಡಿಯಾರ. ಮೂಲೆಯಲ್ಲಿ ಬಿದ್ದಿರುವ ಹಳೆ ಗೋಡೆ ಗಡಿಯಾರಕ್ಕೆ ಸೆಲ್ ಹಾಕಿ ಊಟದ ಮೇಜಿನ ಹತ್ತಿರ ತೂಗುಹಾಕಿ. ನಮಗೂ ಅಡಿಸ್‌ಗೂ ಎರಡೂವರೆ ಗಂಟೆ ವ್ಯತ್ಯಾಸ. ನಮ್ಮ ಒಂಬತ್ತೂವರೆಗೆ ಅಲ್ಲಿ ಬೆಳಿಗ್ಗೆ ಏಳು. ಆದರೆ ಅಲ್ಲಿಯ ಜನ ಅದನ್ನು ಏಳು ಅನ್ನುವುದಿಲ್ಲ, ‘ಒಂದು ಗಂಟೆ’ ಅಂತಾರೆ! ಅವರ ಲೆಕ್ಕ ಶುರುವಾಗುವುದು ನಡುರಾತ್ರಿಯಿಂದಲ್ಲ, ಬೆಳಗಿನ ಆರರಿಂದ. ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ವರ್ಷವಿಡೀ ಹಗಲು ರಾತ್ರಿ ಬಹುತೇಕ ಸಮ, ಹಾಗಾಗಿ ಈ ಲೆಕ್ಕ ಸರಾಗವಾಗಿ ನಡೆಯುತ್ತದೆ. ಗೋಡೆಯ ಗಡಿಯಾರವನ್ನು ಅವರ ರೀತಿಯಲ್ಲೇ ಇಡಿ, ನಮ್ಮ ಒಂಬತ್ತೂವರೆಗೆ ಅದರಲ್ಲಿ ಒಂದು. ತಿಂಗಳು ಮುಗಿಯುವುದರೊಳಗೆ ಚಿಕ್ಕವರು ನಿಮಗಿಂತ ಬೇಗ ಲೆಕ್ಕ ಹೇಳುತ್ತಾರೆ.

ಈ ಕೆಲಸಕ್ಕೆ ಅಜ್ಜನನ್ನು ಪಂಚಾಂಗ ಸಮೇತ ಕೂರಿಸಿಕೊಳ್ಳಿ. ದಿನ ಹುಟ್ಟುವುದು ಸೂರ್ಯೋದಯಕ್ಕೆ ಅನ್ನುವುದು ಅವರಿಗೆ ಹೊಸದೇನಲ್ಲ. ಇಥಿಯೋಪಿಯಾದ ಪಂಚಾಂಗದಲ್ಲಿ ಹದಿಮೂರು ತಿಂಗಳು. ಮೂವತ್ತು ದಿನದ ಹನ್ನೆರಡು, ಕೊನೆಗೆ ಐದೋ ಆರೋ ದಿನದ ಪುಟ್ಟ ಪಗುಮೆ. ನಮ್ಮಲ್ಲಿ ಉಳಿಕೆ ದಿನಗಳನ್ನು ಕೂಡಿಟ್ಟು ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಮಾಡುತ್ತೇವೆ, ಅವರು ವರ್ಷ ವರ್ಷವೇ ತೀರಿಸಿಬಿಡುತ್ತಾರೆ. ಅವರ ಇಸವಿಯೂ ನಮ್ಮ ಗೋಡೆಯ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದೆ. 2025ರ ಸೆಪ್ಟೆಂಬರ್ 11ಕ್ಕೆ ಅಲ್ಲಿ 2018 ಹುಟ್ಟಿತು. ಪ್ರತಿಯೊಬ್ಬರ ಹುಟ್ಟಿದ ಇಸವಿಯನ್ನು ಅವರ ಲೆಕ್ಕಕ್ಕೆ ತಿರುಗಿಸಿ ನೋಟ್‌ಬುಕ್‌ನಲ್ಲಿ ಬರೆಯಿರಿ: ಸೆಪ್ಟೆಂಬರ್ 11ಕ್ಕೆ ಮೊದಲು ಹುಟ್ಟಿದವರಿಗೆ ಎಂಟು ಕಳೆಯಿರಿ, ಆಮೇಲೆ ಹುಟ್ಟಿದವರಿಗೆ ಏಳು.

ಅಕ್ಷರ: ಅವರದ್ದೂ ಕಾಗುಣಿತವೇ

ಇದು ವಾರದ ನಡುವೆ, ದಿನಾ ಹತ್ತು ನಿಮಿಷದಲ್ಲಿ ಆಗುವ ಕೆಲಸ. ಅಲ್ಲಿಯ ಅಮ್ಹಾರಿಕ್ ಭಾಷೆಯ ಗೀಜ್ ಲಿಪಿ ನೋಡಿದಾಗ ಮೊದಲು ಬೆಚ್ಚುತ್ತೇವೆ. ಆದರೆ ಕನ್ನಡ ಓದುವ ಮಕ್ಕಳಿಗೆ ಇದು ಇಂಗ್ಲಿಷಿಗಿಂತ ಹತ್ತಿರದ್ದು. ಮೂವತ್ತಮೂರು ಮೂಲ ಅಕ್ಷರ, ಒಂದೊಂದಕ್ಕೂ ಏಳು ರೂಪ. ಅಂದರೆ ನಮ್ಮ ಕಾಗುಣಿತ.

‘ಬ’ ತೆಗೆದುಕೊಳ್ಳಿ. ಎರಡು ಕಾಲಿನ ಮೇಲೆ ಒಂದು ತೊಲೆ ಇಟ್ಟ ಬಾಗಿಲಿನ ಚೌಕಟ್ಟಿನ ಹಾಗಿರುತ್ತದೆ. ಬಲಗಾಲಿನ ನಡುವೆ ಒಂದು ಚಿಕ್ಕ ಗೆರೆ ಎಳೆದರೆ ‘ಬು’. ಅದೇ ಗೆರೆ ಬಲಗಾಲಿನ ಬುಡಕ್ಕಿಳಿದರೆ ‘ಬಿ’. ಎಡಗಾಲನ್ನು ಗಿಡ್ಡ ಮಾಡಿದರೆ ‘ಬಾ’. ಬಲಗಾಲಿನ ಬುಡಕ್ಕೆ ಒಂದು ಉಂಗುರ ತೊಡಿಸಿದರೆ ‘ಬೇ’. ಬಲಗಾಲನ್ನು ಗಿಡ್ಡ ಮಾಡಿದರೆ ‘ಬೊ’. ಅಕ್ಷರಕ್ಕೆ ಕೊಂಬು, ಗುಡಿಸು ಕೊಟ್ಟು ಅಭ್ಯಾಸವಿರುವ ಕೈಗೆ ಇದು ಆಟ. ಅಂತರ್ಜಾಲದಲ್ಲಿ ‘ಫಿದೆಲ್’ ಪಟ್ಟಿ ಅಂತ ಹುಡುಕಿದರೆ ಇಡೀ ಕೋಷ್ಟಕ ಸಿಗುತ್ತದೆ. ಎಲ್ಲರೂ ತಮ್ಮ ಹೆಸರು ಬರೆದು ರೂಮಿನ ಬಾಗಿಲಿಗೆ ಅಂಟಿಸಲಿ. ‘ಳ’, ‘ಣ’ ಇರುವ ಹೆಸರಿನವರು ಸ್ವಲ್ಪ ಹೊಂದಿಕೊಳ್ಳಬೇಕು.

ಲಿಪಿ ಸ್ವಲ್ಪ ಪರಿಚಯವಾದ ಮೇಲೆ ದೊಡ್ಡವರಿಗೆ ಒಂದು ಉಪಾಯ. ಯೂಟ್ಯೂಬಿನಲ್ಲಿ ಇಂಗ್ಲಿಷಿನಲ್ಲಿ ಹುಡುಕಿದರೆ ಬರುವುದೆಲ್ಲ ಹೊರಗಿನಿಂದ ಹೋದ ಪ್ರವಾಸಿಗರ ವಿಡಿಯೊ, ಬಾಯಿ ತೆರೆದು ಅಚ್ಚರಿಪಡುವ ಮುಖಗಳು. ಗೂಗಲ್ ಅನುವಾದದಲ್ಲಿ ಕನ್ನಡದಿಂದ ಅಮ್ಹಾರಿಕ್ ಆರಿಸಿ, ‘ತರಕಾರಿ ಮಾರುಕಟ್ಟೆ’, ‘ಮದುವೆ ಮನೆ’, ‘ಶಾಲೆಯ ಮೊದಲ ದಿನ’ ಅಂತ ಹಾಕಿ, ಬಂದ ಪದವನ್ನು ನಕಲು ಮಾಡಿ ಹುಡುಕಿ. ಅಲ್ಲಿಯವರೇ ಅಲ್ಲಿಯವರಿಗಾಗಿ ತೆಗೆದ ವಿಡಿಯೊಗಳು ಎದುರಿಗೆ ಬರುತ್ತವೆ. ಮಾತು ತಿಳಿಯದು, ಆದರೆ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುವ ಹೆಂಗಸಿನ ಕೈ ಏನು ಹೇಳುತ್ತಿದೆ ಅಂತ ಅಜ್ಜಿಗೆ ತಿಳಿಯುತ್ತದೆ. ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಗೂಗಲ್ ಸ್ಟ್ರೀಟ್ ವ್ಯೂ ಮೇಲೆ ಹೆಚ್ಚು ಭರವಸೆ ಬೇಡ. ಯುರೋಪಿನಲ್ಲಿ ಓಡಾಡಿದ ಹಾಗೆ ಎಲ್ಲ ದೇಶಗಳ ಬೀದಿಗಳಲ್ಲೂ ಓಡಾಡಲು ಆಗುವುದಿಲ್ಲ. ‘ರೇಡಿಯೊ ಗಾರ್ಡನ್’ ಇದಕ್ಕಿಂತ ಮೇಲು. ಭೂಗೋಳ ತಿರುಗಿಸಿ ಚುಕ್ಕೆ ಮುಟ್ಟಿದರೆ ಆ ಊರಿನ ರೇಡಿಯೊ ನೇರವಾಗಿ ಕೇಳಿಸುತ್ತದೆ. ಬೆಳಿಗ್ಗೆ ತಿಂಡಿ ಹೊತ್ತಿಗೆ ಹಾಕಿಟ್ಟರೆ ಸಾಕು, ಯಾರೂ ಕೂತು ಕೇಳಬೇಕಿಲ್ಲ.

ಎರಡನೇ ಭಾನುವಾರ: ಕಾಫಿ, ಹಾಲಿಲ್ಲದೆ

ಇದಕ್ಕೆ ಒಂದೂವರೆ ಗಂಟೆ ಬಿಡುವು ಮಾಡಿಕೊಳ್ಳಿ. ಅಲ್ಲಿ ಬುನ (ಕಾಫಿ) ಅಂದರೆ ಗಡಿಬಿಡಿಯಲ್ಲಿ ಲೋಟ ಖಾಲಿ ಮಾಡುವ ಕೆಲಸವಲ್ಲ, ನೆಂಟರು ನೆರೆಯವರು ಸೇರುವ ನೆಪ.

ಕಾಫಿಪುಡಿ ಅಂಗಡಿಯಲ್ಲಿ, ಅದರಲ್ಲೂ ಸ್ವತಃ ಹುರಿಯುವವರ ಹತ್ತಿರ, ಹುರಿಯದ ಅರೇಬಿಕಾ ಬೀಜ ನೂರು ಗ್ರಾಂ ಕೇಳಿ ತನ್ನಿ. ಕೊಡಗು, ಚಿಕ್ಕಮಗಳೂರಲ್ಲಿ ಪರಿಚಯದವರಿದ್ದರೆ ಕೇಳುವುದೇ ಬೇಡ. ಎರಡು ಹಿಡಿ ಬೀಜ ತೊಳೆದು ಕಬ್ಬಿಣದ ಬಾಣಲೆಗೆ ಹಾಕಿ, ಮಧ್ಯಮ ಉರಿ. ಸೌಟು ನಿಲ್ಲಿಸುವ ಹಾಗಿಲ್ಲ. ಹಸಿರು ಹೋಗಿ ಹಳದಿ, ಆಮೇಲೆ ದಾಲ್ಚಿನ್ನಿ ಬಣ್ಣ ಬರುತ್ತದೆ; ಹತ್ತು ನಿಮಿಷದ ಆಸುಪಾಸಿನಲ್ಲಿ ಚಟಪಟ ಸದ್ದು ಶುರು. ಸದ್ದು ನಿಂತು ಬೀಜದ ಬಣ್ಣ ಗಾಢವಾದಾಗ ಇಳಿಸಿ. ಕಿಟಕಿ ಮೊದಲೇ ತೆರೆದಿರಲಿ, ಹೊಗೆ ಜೋರಾಗಿಯೇ ಬರುತ್ತದೆ. ಆ ಹೊಗೆಯೇ ಇಲ್ಲಿ ಮುಖ್ಯ. ಬಾಣಲೆಯನ್ನು ಎಲ್ಲರ ಮುಂದೆ ಒಂದು ಸುತ್ತು ಹಿಡಿದುಕೊಂಡು ಬರಬೇಕು, ಒಬ್ಬೊಬ್ಬರೂ ಕೈಯಿಂದ ಹೊಗೆಯನ್ನು ಮೂಗಿನ ಕಡೆ ಎಳೆದುಕೊಳ್ಳಬೇಕು. ಮಂಗಳಾರತಿ ತೆಗೆದುಕೊಳ್ಳುವ ಹಾಗೆ.

ತಣಿದ ಬೀಜವನ್ನು ಕುಟ್ಟಾಣಿಯಲ್ಲಿ ಮಕ್ಕಳು ಕುಟ್ಟಲಿ, ಮಿಕ್ಸಿ ಬೇಡ. ಅಲ್ಲಿ ಕುದಿಸುವುದು ಜೆಬೆನ ಎಂಬ ಉದ್ದ ಕುತ್ತಿಗೆಯ ಮಣ್ಣಿನ ಹೂಜಿಯಲ್ಲಿ. ನಮಗೆ ಕೊಕ್ಕಿರುವ ಸಣ್ಣ ಕೆಟಲ್ ಸಾಕು. ಪುಡಿ ನೀರು ಸೇರಿಸಿ ಕುದಿಸಿ, ಗಸಿ ತಳಕ್ಕೆ ಕೂರುವವರೆಗೆ ಅಲುಗಾಡಿಸದೆ ಇಟ್ಟು, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಎತ್ತರದಿಂದ ಸುರಿಯಿರಿ. ಅದೇ ಗಸಿಗೆ ಮತ್ತೆ ನೀರು ಹಾಕಿ ಎರಡನೇ ಸುತ್ತು, ಮತ್ತೆ ಮೂರನೇ ಸುತ್ತು. ಅಬೊಲ್, ತೊನ, ಬೆರೆಕ ಅಂತ ಮೂರಕ್ಕೂ ಹೆಸರಿದೆ. ಮೂರನೆಯದು ಮುಗಿಯುವ ಮೊದಲು ಎದ್ದು ಹೋಗುವುದು ಮರ್ಯಾದೆಯಲ್ಲ. ಜೊತೆಗೆ ಪಾಪ್‌ಕಾರ್ನ್, ಅದೂ ಅಲ್ಲಿಯ ಪದ್ಧತಿಯೇ, ಮತ್ತು ಚಿಕ್ಕ ಮಕ್ಕಳ ಪಾಲಿಗೆ ಅದಷ್ಟೇ ಇರಲಿ.

ಫಿಲ್ಟರ್ ಕಾಫಿ ಮನೆಯವರು ಮೊದಲ ಗುಟುಕಿಗೆ ಮುಖ ಹುಳ್ಳಗೆ ಮಾಡುತ್ತಾರೆ. ಹಾಲಿಲ್ಲ, ಚಿಕೋರಿಯಿಲ್ಲ, ಇದೆಂಥ ಕಾಫಿ! ಸಕ್ಕರೆ ಧಾರಾಳ ಹಾಕಿಕೊಳ್ಳಬಹುದು, ಅಲ್ಲಿಯೂ ಹಾಕುತ್ತಾರೆ.

ಮೂರನೇ ಭಾನುವಾರ: ರಾಗಿ ಇಂಜೆರ

ಇಂಜೆರ ಅಂದರೆ ಹುಳಿ ಬಂದ ಹಿಟ್ಟಿನ, ಮೇಲೆಲ್ಲ ತೂತು ತೂತಾದ ದೊಡ್ಡ ಮೆತ್ತನೆ ದೋಸೆ. ನಿಜವಾದದ್ದು ಟೆಫ್ ಎಂಬ ಗಸಗಸೆಗಿಂತಲೂ ಸಣ್ಣ ಧಾನ್ಯದ್ದು. ಟೆಫ್ ದುಬಾರಿಯಾದಾಗ ಅಲ್ಲಿಯ ಮನೆಗಳಲ್ಲೂ ಜೋಳ, ರಾಗಿ ಬೆರೆಸುತ್ತಾರೆ. ಹಾಗಾಗಿ ರಾಗಿಯಲ್ಲಿ ಮಾಡಿದರೆ ಅದು ನಕಲಿ ಅಂತ ಯಾರೂ ಹೇಳುವಂತಿಲ್ಲ.

ಶುಕ್ರವಾರ ಬೆಳಿಗ್ಗೆಯೇ ಶುರು ಮಾಡಬೇಕು. ಎರಡು ಬಟ್ಟಲು ರಾಗಿ ಹಿಟ್ಟು, ಅರ್ಧ ಬಟ್ಟಲು ಗೋಧಿ ಹಿಟ್ಟು, ಹೆಪ್ಪಿಗೆ ಎರಡು ಚಮಚ ಹುಳಿ ಬಂದ ದೋಸೆ ಹಿಟ್ಟು, ನೀರ್‌ದೋಸೆಗಿಂತ ಸ್ವಲ್ಪ ಗಟ್ಟಿಯಾಗುವಷ್ಟು ನೀರು. ಮುಚ್ಚಿಡಿ. ಭಾನುವಾರ ಬೆಳಿಗ್ಗೆ ಮೇಲೆ ನಿಂತ ನೀರನ್ನು ಬಸಿದು, ಒಂದು ಸೌಟು ಹಿಟ್ಟನ್ನು ಒಂದು ಲೋಟ ನೀರಿನಲ್ಲಿ ಕುದಿಸಿ ಅಂಬಲಿ ಮಾಡಿಕೊಳ್ಳಿ. ಅದು ಆರಿದ ಮೇಲೆ ಉಳಿದ ಹಿಟ್ಟಿಗೇ ಬೆರೆಸಿ ಒಂದೆರಡು ಗಂಟೆ ಬಿಡಿ. ಈ ಅಂಬಲಿಯ ಹೆಜ್ಜೆ ಬಿಟ್ಟರೆ ತೂತು ಬರುವುದಿಲ್ಲ.

ಕಾವಲಿ ಕಾದಿರಲಿ, ಎಣ್ಣೆ ಬೇಡ. ನಾವು ದೋಸೆಯನ್ನು ನಡುವಿನಿಂದ ಹೊರಕ್ಕೆ ತಿರುವುತ್ತೇವೆ. ಇಂಜೆರವನ್ನು ಅಂಚಿನಿಂದ ಒಳಕ್ಕೆ ಸುತ್ತುತ್ತಾ ಸುರಿಯಬೇಕು. ಅಮ್ಮಂದಿರ ಕೈ ಇದಕ್ಕೆ ಒಪ್ಪುವುದೇ ಇಲ್ಲ, ದೋಸೆ ಹುಯ್ಯಲು ಬಾರದ ಅಪ್ಪಂದಿರಿಗೆ ಬೇಗ ಬರುತ್ತದೆ. ಮೇಲೆ ಕಣ್ಣು ಕಣ್ಣಾಗಿ ತೂತು ಬಿದ್ದ ಕೂಡಲೇ ಮುಚ್ಚಳ ಮುಚ್ಚಿ. ಮಗುಚುವ ಹಾಗಿಲ್ಲ. ಅಂಚು ಏಳುತ್ತಿದ್ದ ಹಾಗೆ ಬಟ್ಟೆಯ ಮೇಲೆ ಜಾರಿಸಿ. ಟೆಫ್‌ನಷ್ಟು ಎಳೆತ ರಾಗಿಯಲ್ಲಿಲ್ಲ, ಒಂದೆರಡು ಹರಿದರೆ ಚಿಂತೆ ಬೇಡ.

ಮೇಲಕ್ಕೆ ಮಿಸಿರ್ ವೊತ್, ಅಂದರೆ ಮಸೂರ್ ಬೇಳೆಯ ಕೆಂಪು ಗೊಜ್ಜು. ಇದರ ಗುಟ್ಟು ಈರುಳ್ಳಿಯಲ್ಲಿದೆ. ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಎಣ್ಣೆಯಿಲ್ಲದೆ, ಅದರ ನೀರಿನಲ್ಲೇ ಹತ್ತು ಹದಿನೈದು ನಿಮಿಷ ಬಾಡಿಸಿ, ಆಮೇಲೆ ಎಣ್ಣೆ, ಬೆಳ್ಳುಳ್ಳಿ, ಬೆರ್ಬೆರೆ ಪುಡಿ ಹಾಕಿ ಬೇಳೆ ಬೇಯಿಸಬೇಕು. ಬೆರ್ಬೆರೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು: ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಸ್ವಲ್ಪ ಮೆಂತ್ಯ, ಏಲಕ್ಕಿ, ಲವಂಗ, ಓಂಕಾಳು, ಒಣಶುಂಠಿ. ಹುರಿದು ಪುಡಿ ಮಾಡಿದರಾಯಿತು. ಜೊತೆಗೆ ಕಡಲೆಹಿಟ್ಟಿನ ಶಿರೊ, ಸೊಪ್ಪಿನ ಪಲ್ಯದ ಹಾಗಿರುವ ಗೊಮೆನ್. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ದೀರ್ಘ ಉಪವಾಸದ ದಿನಗಳಲ್ಲಿ ಮಾಂಸ, ಹಾಲು, ತುಪ್ಪ ಯಾವುದನ್ನೂ ಮುಟ್ಟುವುದಿಲ್ಲ. ಆ ದಿನಗಳ ಅಡುಗೆಯೇ ಒಂದು ದೊಡ್ಡ ಸಂಪ್ರದಾಯವಾಗಿರುವುದರಿಂದ ಸಸ್ಯಾಹಾರಿ ಮನೆಗಳಿಗೆ ಆಯ್ಕೆ ಧಾರಾಳ.

ಅಲ್ಲಿ ಎಲ್ಲರೂ ಒಂದೇ ತಟ್ಟೆಯ ಸುತ್ತ ಕೂತು ಉಣ್ಣುತ್ತಾರೆ. ನಮ್ಮ ಅಜ್ಜಿಯಂದಿರ ಎದುರು ಈ ಮಾತು ಎತ್ತಿದರೆ ‘ಎಂಜಲು’ ಅಂತ ಅಲ್ಲಿಗೇ ಮುಗಿಯುತ್ತದೆ. ಜಗಳ ಬೇಡ, ತಟ್ಟೆ ಬೇರೆ ಬೇರೆ ಇರಲಿ. ಆದರೆ ಗುರ್ಶ ಮಾತ್ರ ಬಿಡಬೇಡಿ: ಇಂಜೆರದ ತುಂಡಿನಲ್ಲಿ ಗೊಜ್ಜು ಸುತ್ತಿ ಪಕ್ಕದವರ ಬಾಯಿಗೆ ಕೈಯಾರೆ ಇಡುವುದು. ತುತ್ತು ದೊಡ್ಡದಾದಷ್ಟೂ ಪ್ರೀತಿ ಹೆಚ್ಚು ಅಂತ ಲೆಕ್ಕ. ಹೈಸ್ಕೂಲು ಹುಡುಗರಿಗೆ ನಾಚಿಕೆಯಾಗುತ್ತದೆ, ಆಗಲಿ.

ನಾಲ್ಕನೇ ಭಾನುವಾರ: ಸೋಪು, ಓಟ, ಮೋಹನ

ಲಾಲಿಬೆಲ ಎಂಬ ಊರಿನಲ್ಲಿ ಹನ್ನೊಂದು ಚರ್ಚುಗಳಿವೆ, ಒಂದನ್ನೂ ಕಟ್ಟಿದ್ದಲ್ಲ. ನೆಲದ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕೊರೆಯುತ್ತಾ ಹೋಗಿ ಬಿಡಿಸಿದ್ದು. 1978ರಲ್ಲೇ ಯುನೆಸ್ಕೊ ಪಟ್ಟಿಗೆ ಸೇರಿದವು, ಇವತ್ತಿಗೂ ಪೂಜೆ ನಡೆಯುತ್ತದೆ. ಎಲ್ಲೋರದ ಕೈಲಾಸ ನೆನಪಾಗಬೇಕು. ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದಲ್ಲಿ ಅದನ್ನು ಕಡೆದದ್ದೂ ಹೀಗೇ, ತುದಿಯಿಂದ ಬುಡಕ್ಕೆ. ಫೋಟೊ ತೋರಿಸಿದರೆ ಮಕ್ಕಳು ‘ಹೂಂ’ ಅಂತಾರೆ. ಒಂದೊಂದು ಸ್ನಾನದ ಸೋಪು, ಒಂದೊಂದು ಚಮಚ ಕೊಟ್ಟು, ಶಿಲುಬೆಯಾಕಾರದ ಬೇತೆ ಗಿಯೊರ್ಗಿಸ್ ಚರ್ಚನ್ನು ಕೆತ್ತಲು ಹೇಳಿ. ನಿಯಮ ಒಂದೇ: ತೆಗೆದದ್ದನ್ನು ಮತ್ತೆ ಅಂಟಿಸುವಂತಿಲ್ಲ. ಒಂದು ಗೋಡೆ ಮುರಿದಾಗ ಆ ಶಿಲ್ಪಿಗಳ ಲೆಕ್ಕಾಚಾರ ಏನಿತ್ತು ಅಂತ ಯಾರೂ ವಿವರಿಸಬೇಕಾಗುವುದಿಲ್ಲ.

ಸಂಜೆ ಓಟ. 1960ರ ರೋಮ್ ಒಲಿಂಪಿಕ್ಸ್‌ನ ಮ್ಯಾರಥಾನನ್ನು ಅಬೆಬೆ ಬಿಕಿಲ ಬರಿಗಾಲಲ್ಲಿ ಓಡಿ ಗೆದ್ದ, 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ. ಆಗ ರೋಮಿನ ಆ ದಾರಿಯಲ್ಲೇ ಅಕ್ಸುಮ್‌ನ ಕಲ್ಲಿನ ಸ್ತಂಭ ನಿಂತಿತ್ತು, ಮುಸೊಲಿನಿಯ ಸೈನ್ಯ ಇಥಿಯೋಪಿಯಾದಿಂದ ಹೊತ್ತು ತಂದದ್ದು. ಅದು ತನ್ನ ಊರಿಗೆ ವಾಪಸಾದದ್ದು 2005ರಲ್ಲಿ. ರೋಮಿನ ಓಟವಾಗಿ ನಾಲ್ಕು ವರ್ಷದ ಮೇಲೆ ಟೋಕಿಯೊದಲ್ಲಿ, ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿ ಕೆಲವೇ ವಾರಗಳಲ್ಲಿ, ಬಿಕಿಲ ಮತ್ತೆ ಗೆದ್ದ. ಎರಡು ಓಟಗಳ ವಿಡಿಯೊ ತುಣುಕೂ ಸಿಗುತ್ತವೆ. ನೋಡಿ, ಪಾರ್ಕಿಗೆ ಹೋಗಿ ಒಂದು ಕಿಲೋಮೀಟರ್ ಓಡಿ ಸಮಯ ಬರೆದುಕೊಳ್ಳಿ. ಆ ಸಮಯವನ್ನು ಮ್ಯಾರಥಾನಿನ ನಲವತ್ತೆರಡು ಚಿಲ್ಲರೆ ಕಿಲೋಮೀಟರಿಗೆ ಗುಣಿಸುವ ಲೆಕ್ಕ ದೊಡ್ಡ ಮಗಳಿಗೆ.

ಮನೆಯಲ್ಲಿ ಸಂಗೀತ ಕಲಿಯುವವರಿದ್ದರೆ ತಿಜಿತ ಎಂಬ ನೆನಪಿನ ಹಾಡುಗಳನ್ನು ಕೇಳಿಸಿ. ಅದರ ಒಂದು ಬಗೆಯ ಸ್ವರಗಳು ನಮ್ಮ ಮೋಹನ ರಾಗದ್ದೇ: ಸ ರಿ ಗ ಪ ದ. ಅದೇ ಐದು ಸ್ವರ, ನಡೆ ಪೂರ್ತಿ ಬೇರೆ. ಪಿಯಾನೊ ಇಷ್ಟವಿದ್ದವರು 2023ರಲ್ಲಿ ತೀರಿಕೊಂಡ ಸನ್ಯಾಸಿನಿ ಎಮಹೊಯ್ ತ್ಸೆಗೆ ಮರ್ಯಮ್ ಅವರನ್ನು ಕೇಳಬೇಕು. ಅಳಗುಳಿಮಣೆ ಮನೆಯಲ್ಲಿದ್ದರೆ ಅದನ್ನೂ ಕೆಳಗಿಳಿಸಿ. ಅಲ್ಲಿಯ ಗೆಬೆತ ಅದೇ ಕುಟುಂಬದ ಆಟ.

ಕಹಿ ವಿಷಯ ಬಂದಾಗ

ಬರುತ್ತದೆ. 1984ರ ಬರಗಾಲ, 2020ರಿಂದ 2022ರವರೆಗಿನ ತಿಗ್ರಾಯ್ ಯುದ್ಧ ಎರಡನ್ನೂ ಹತ್ತು ದಾಟಿದ ಮಕ್ಕಳಿಗೆ ಹೇಳಬೇಕು. ಆದರೆ ಅಡುಗೆ, ಅಕ್ಷರ ಎಲ್ಲ ಆದ ಮೇಲೆ, ಮೂರನೇ ವಾರದ ನಂತರ. ಮೊದಲೇ ಹೇಳಿದರೆ ಆ ದೇಶ ಅವರ ಮನಸ್ಸಿನಲ್ಲಿ ಬಡತನದ ಚಿತ್ರವಾಗಿಯೇ ಉಳಿದುಬಿಡುತ್ತದೆ. 1896ರಲ್ಲಿ ಅಡ್ವದಲ್ಲಿ ಎರಡನೇ ಮೆನೆಲಿಕ್‌ನ ಸೈನ್ಯ ಇಟಲಿಯನ್ನು ಸೋಲಿಸಿ ವಸಾಹತಾಗುವುದನ್ನು ತಪ್ಪಿಸಿಕೊಂಡದ್ದನ್ನೂ ಜೊತೆಗೇ ಹೇಳಿ.

ಇನ್ನೊಂದು ಎಚ್ಚರ. ಯಲ್ಲಾಪುರ, ಹಳಿಯಾಳದ ಸಿದ್ದಿಗಳನ್ನು ನೋಡಿ ‘ಇವರೂ ಇಥಿಯೋಪಿಯಾದವರು’ ಅಂತ ಮಕ್ಕಳಿಗೆ ಹೇಳಿಬಿಡುವುದು ಸುಲಭ. ಅವರಲ್ಲಿ ಬಹುಪಾಲು ಜನರ ಪೂರ್ವಿಕರು ಆಫ್ರಿಕಾದ ಆಗ್ನೇಯ ಕರಾವಳಿಯ ಕಡೆಯವರು, ಮತ್ತು ಅವರು ತಲೆಮಾರುಗಳಿಂದ ಇಲ್ಲಿಯವರೇ. ಇಥಿಯೋಪಿಯಾದ ನೇರ ನಂಟು ಬೇಕಿದ್ದರೆ ಮಲಿಕ್ ಅಂಬರ್ ಇದ್ದಾನೆ. ಅಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ದಖನ್ನಿಗೆ ಬಂದು ಅಹ್ಮದ್‌ನಗರ ರಾಜ್ಯವನ್ನೇ ಆಳಿದವನು. ಮೊಘಲರಿಗೂ ಬಿಜಾಪುರದವರಿಗೂ ತಲೆನೋವಾಗಿ 1626ರಲ್ಲಿ ತೀರಿಕೊಂಡವನು.

ಮುಂದಿನ ದೇಶ

ಚೀಟಿ ಎತ್ತಿ ಆರಿಸಬೇಡಿ. ಈ ತಿಂಗಳ ನೋಟ್‌ಬುಕ್ ತಿರುವಿ ಯಾವ ಎಳೆ ಜೋತುಬಿದ್ದಿದೆ ನೋಡಿ, ಅದನ್ನೇ ಹಿಡಿದು ಹೋಗಿ. ಕಾಫಿ ಹಿಡಿಸಿದ್ದರೆ ಯೆಮನ್. ಅಡಿಸ್‌ನ ಹೋಟೆಲುಗಳಲ್ಲಿ ಮ್ಯಾಕರೋನಿ ಯಾಕೆ ಸಿಗುತ್ತದೆ ಅಂತ ಯಾರಾದರೂ ಕೇಳಿದ್ದರೆ ಇಟಲಿ. ನೀಲಿ ನೈಲ್ ತಾನಾ ಸರೋವರದಿಂದ ಹೊರಟು ಎಲ್ಲಿಗೆ ಹೋಗುತ್ತದೆ ಅಂತ ನಕ್ಷೆಯ ಮೇಲೆ ಬೆರಳಿಟ್ಟ ಮಗುವಿದ್ದರೆ ಸುಡಾನ್, ಆಮೇಲೆ ಈಜಿಪ್ಟ್. ಹಳೆ ಗಡಿಯಾರವನ್ನು ಆ ಊರಿನ ಸಮಯಕ್ಕೆ ತಿರುಗಿಸಿ, ನೋಟ್‌ಬುಕ್ಕಿನಲ್ಲಿ ಹೊಸ ನಕ್ಷೆಗೆ ಒಂದು ಪುಟ ಬಿಡಿ. ಉಳಿದ ಇಂಜೆರ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿಹಾಕಿದರೆ ಸೋಮವಾರದ ತಿಂಡಿಗೆ ಒಳ್ಳೆಯ ದೋಸೆಯಾಗುತ್ತದೆ.